ಮಧ್ಯಾಹ್ನ ಒಂದರ ಫೈನಲ್

"ಅಣ್ಣಾ, ಒಂದ್ ಸಣ್ಣ ಕೆಲ್ಸ ಐತಿ. ನಿನ್ನ ಲ್ಯಾಪ್‌ಟಾಪ್‌ನ್ಯಾಗ ಒಂದ್ ಟೈಮ್‌ಟೇಬಲ್ ಮಾಡಿ ಕೊಡ್ತಿ ಏನು?"

ಜನವರಿಯ ಒಂದು ಸಂಜೆ ತಂಗಿ ಫೋನ್ ಮಾಡಿ ಕೇಳಿದಳು. ಅವಳು ತಿಕೋಟಾ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಪೀಟಿ ಟೀಚರ್. ಸಂಕ್ರಾಂತಿ ಮುಗಿದ ಮೇಲೆ ಆ ಊರಿನ ಹುಡುಗರೆಲ್ಲ ಸೇರಿ ಒಂದು ದಿನದ ಕಬಡ್ಡಿ ಟೂರ್ನಮೆಂಟ್ ಇಟ್ಟುಕೊಂಡಿದ್ದರು. ಸುತ್ತಮುತ್ತಲ ಪಿಯು, ಡಿಗ್ರಿ ಕಾಲೇಜುಗಳಿಂದ ಹುಡುಗರದು 12 ತಂಡ, ಹುಡುಗಿಯರದು 8 ತಂಡ. ಅಂಕಣ ಎರಡು. ಯಾವ ಮ್ಯಾಚು ಎಷ್ಟು ಗಂಟೆಗೆ ಅಂತ ಬರೆದು ಕೊಡಬೇಕು, ಅಷ್ಟೇ.

ನಾನು ಸಾಫ್ಟ್‌ವೇರ್ ಎಂಜಿನಿಯರ್. ದಿನವಿಡೀ ಮಾಡುವುದೇ ಇಂಥ ಕೆಲಸ. "ಹದಿನೈದು ನಿಮಿಷ ಕೊಡು" ಅಂದೆ.

ಅದಕ್ಕೆ ಮೂರು ರಾತ್ರಿ ಹಿಡಿಯಿತು. ಯಾಕೆ ಹಿಡಿಯಿತು ಅನ್ನುವುದನ್ನು ಹೇಳಬೇಕಾದರೆ ನಮ್ಮ ಮನೆಯ ಟಿವಿಯಿಂದ ಶುರು ಮಾಡಬೇಕು.

ನಮ್ಮೂರು ಸಾರವಾಡ. ವಿಜಯಪುರದಿಂದ ಬಬಲೇಶ್ವರದ ಕಡೆ ಹೊರಟರೆ ಡೋಣಿ ನದಿಯ ಹತ್ತಿರ ಸಿಗುತ್ತದೆ. 2014ರ ಜುಲೈ 26ರಂದು ಪ್ರೊ ಕಬಡ್ಡಿ ಲೀಗ್ ಶುರುವಾದಾಗ ನಾನಿನ್ನೂ ಎಂಜಿನಿಯರಿಂಗ್ ಓದುತ್ತಿದ್ದೆ. ಅಪ್ಪನಿಗೆ ಅದನ್ನು ನೋಡಿ ನಂಬಿಕೆಯೇ ಬರಲಿಲ್ಲ. "ಇದು ನಮ್ಮ ಹುಡುತುತುನೇ ಹೌದಲ್ಲೋ ತಮ್ಮಾ" ಅಂದಿದ್ದ. ಮಣ್ಣಿನಲ್ಲಿ ಬನಿಯನ್ ಹರಿದುಕೊಂಡು ಆಡುವ ಆಟ ಬಣ್ಣದ ಮ್ಯಾಟ್ ಮೇಲೆ, ಲೈಟು, ಹಾಡು, ಕಾಮೆಂಟರಿ ಸಮೇತ ಬಂದಿತ್ತು. ಉಸಿರು ಹಿಡಿದು "ಕಬಡ್ಡಿ ಕಬಡ್ಡಿ" ಅನ್ನುವುದರ ಜೊತೆಗೆ 30 ಸೆಕೆಂಡಿನ ಗಡಿಯಾರವೂ ಬಂತು. ಮೂರನೇ ರೈಡ್‌ನಲ್ಲಿ ಅಂಕ ತರಲೇಬೇಕು, ಇಲ್ಲವಾದರೆ ಔಟ್. ಇದೆಲ್ಲ ಟಿವಿ ನೋಡುವವರಿಗೆ ಬೇಸರ ಬಾರದಿರಲಿ ಅಂತ ಅಪ್ಪನಿಗೂ ಗೊತ್ತಾಗುತ್ತಿತ್ತು. ಆದರೂ ಖುಷಿಪಟ್ಟ. ಆ ಮೊದಲ ಸೀಸನ್ ಅನ್ನು 43.5 ಕೋಟಿ ಜನ ನೋಡಿದರು ಅಂತ ಆಗ ಪೇಪರಿನಲ್ಲಿ ಬಂದಿತ್ತು. ಅದರಲ್ಲಿ ನಮ್ಮಪ್ಪನೂ ಒಬ್ಬ ಅಂತ ನಾವು ನಗಾಡುತ್ತಿದ್ದೆವು.

ಅಪ್ಪನಿಗೆ ಇದ್ದದ್ದು ಒಂದೇ ತಕರಾರು, ಟೈಮಿನದು. ಮೊದಲ ಮ್ಯಾಚು ರಾತ್ರಿ ಎಂಟಕ್ಕೆ, ಎರಡನೆಯದು ಒಂಬತ್ತಕ್ಕೆ. ನಮ್ಮ ಕಡೆ ಹೊಲಕ್ಕೆ ತ್ರೀ ಫೇಸ್ ಕರೆಂಟ್ ಸರದಿ ಪ್ರಕಾರ ಬರುತ್ತದೆ. ರಾತ್ರಿ ಪಾಳಿ ಬಂದರೆ ಮೋಟರ್ ಚಾಲೂ ಮಾಡಿ ಕಬ್ಬಿಗೆ ನೀರು ಬಿಡಲು ರಾತ್ರಿಯೇ ಹೋಗಬೇಕು. ಬೆಂಗಳೂರು ಬುಲ್ಸ್ ಮ್ಯಾಚು ಎರಡನೆಯದಾಗಿದ್ದರೆ ಅಪ್ಪ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗಿರುತ್ತಿದ್ದ. ಹತ್ತು ಗಂಟೆಗೆ ಅಲ್ಲಿಂದಲೇ ಫೋನು ಬರುತ್ತಿತ್ತು, "ತಮ್ಮಾ, ನಮ್ಮವ್ರು ಗೆದ್ರೇನು?"

ನನ್ನ ತಕರಾರು ಬೇರೆ ಇದ್ದವು. ಕೆಲಸಕ್ಕೆ ಸೇರಿ ಬೆಂಗಳೂರಿಗೆ ಬಂದ ಮೇಲೆ ಬುಲ್ಸ್ ಆಟವನ್ನು ಕಂಠೀರವದಲ್ಲಿ ಕೂತು ನೋಡಬೇಕು ಅನ್ನುವುದು ದೊಡ್ಡ ಆಸೆ. 2017ರಲ್ಲಿ ನಮ್ಮ ತಂಡದ 'ತವರಿನ' ಪಂದ್ಯಗಳು ನಡೆದದ್ದು ನಾಗಪುರದಲ್ಲಿ. 2018ರಲ್ಲಿ ಪುಣೆಯಲ್ಲಿ. ತಮಾಷೆ ನೋಡಿ, ಸಾರವಾಡಕ್ಕೆ ಬೆಂಗಳೂರಿಗಿಂತ ಪುಣೆಯೇ ಹತ್ತಿರ. ನಾನು ಊರಲ್ಲೇ ಇದ್ದಿದ್ದರೆ ಸೊಲ್ಲಾಪುರದ ಮೇಲೆ ಹೋಗಿ ನೋಡಿ ಬರಬಹುದಿತ್ತು. ಅದೇ ಸೀಸನ್‌ನಲ್ಲಿ ಬುಲ್ಸ್ ಕಪ್ ಗೆದ್ದಿತು. 2019ರ ಜನವರಿ 5ರಂದು ಮುಂಬೈಯಲ್ಲಿ ಫೈನಲ್, ಗುಜರಾತ್ ವಿರುದ್ಧ 38-33. ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದ. ತವರೂರಿನಲ್ಲಿ ಒಂದೂ ಪಂದ್ಯ ಆಡದೆ ಕಪ್ ಗೆದ್ದ ತಂಡ ನಮ್ಮದು!

ಆಮೇಲೆ ಕೋವಿಡ್ ಬಂತು. 2021ರ ಡಿಸೆಂಬರ್‌ನಲ್ಲಿ ಶುರುವಾದ ಸೀಸನ್ ಪೂರ್ತಿ ಬೆಂಗಳೂರಿನಲ್ಲೇ ನಡೆಯಿತು, ವೈಟ್‌ಫೀಲ್ಡ್‌ನ ಒಂದು ಹೋಟೆಲಿನೊಳಗೆ, ಪ್ರೇಕ್ಷಕರೇ ಇಲ್ಲದೆ. ನನ್ನ ಪಿಜಿಯಿಂದ ಅರ್ಧ ಗಂಟೆಯ ದಾರಿ. ನೋಡಿದ್ದು ಫೋನಿನಲ್ಲಿ. ಶನಿವಾರ ಮೂರು ಮೂರು ಮ್ಯಾಚು, ಮೂರನೆಯದು ಒಂಬತ್ತೂವರೆಗೆ. 2024, 2025ರ ಸೀಸನ್‌ಗಳಲ್ಲಂತೂ ಬೆಂಗಳೂರಿನಲ್ಲಿ ಒಂದು ಪಂದ್ಯವೂ ಇರಲಿಲ್ಲ.

ಇದನ್ನೆಲ್ಲ ನಮ್ಮ ಕಬಡ್ಡಿ ವಾಟ್ಸ್ಯಾಪ್ ಗ್ರೂಪಿನಲ್ಲಿ ಎಷ್ಟು ಸಲ ಬೈದುಕೊಂಡಿದ್ದೇನೋ. ಅಭಿಮಾನಿಗಳನ್ನು ಕೇಳಿ ಟೈಮ್ ಇಡಬೇಕು, ಅಭಿಮಾನಿಗಳ ಊರಲ್ಲಿ ಮ್ಯಾಚ್ ಇಡಬೇಕು, ಅಂತ. ನನ್ನ ಮಾತು ನ್ಯಾಯದ್ದು ಅಂತಲೇ ನನಗೆ ಈಗಲೂ ಅನ್ನಿಸುತ್ತದೆ. ಆದರೆ 'ಅಭಿಮಾನಿ' ಅನ್ನುವಾಗ ನನ್ನ ಕಣ್ಣ ಮುಂದೆ ಬರುತ್ತಿದ್ದವರು ನಾನು, ಅಪ್ಪ, ನಮ್ಮ ಓಣಿಯ ಹುಡುಗರು. ತಂಗಿ ಬರುತ್ತಿರಲಿಲ್ಲ.

ಅವಳು ನನಗಿಂತ ಮೂರು ವರ್ಷ ಚಿಕ್ಕವಳು. 2016ರಲ್ಲಿ ಪ್ರೊ ಕಬಡ್ಡಿಯವರು ಗಂಡಸರ ಮ್ಯಾಚುಗಳ ನಡುವೆ ಮಹಿಳೆಯರದೂ ಒಂದು ಸಣ್ಣ ಟೂರ್ನಿ ಇಟ್ಟರು. ಮೂರೇ ತಂಡ, ಫೈರ್ ಬರ್ಡ್ಸ್, ಐಸ್ ದೀವಾಸ್, ಸ್ಟಾರ್ಮ್ ಕ್ವೀನ್ಸ್. ಮೂವರು ನಾಯಕಿಯರಲ್ಲಿ ಇಬ್ಬರು ನಮ್ಮ ರಾಜ್ಯದವರು, ಕಾರ್ಕಳ ಕಡೆಯ ಮಮತಾ ಪೂಜಾರಿ ಮತ್ತು ತೇಜಸ್ವಿನಿ ಬಾಯಿ. ಜುಲೈ 31ರಂದು ಹೈದರಾಬಾದ್‌ನಲ್ಲಿ ಫೈನಲ್. ಇವರಿಬ್ಬರ ತಂಡಗಳೇ ಎದುರಾಬದುರಾ. ತೇಜಸ್ವಿನಿಯವರ ಸ್ಟಾರ್ಮ್ ಕ್ವೀನ್ಸ್ 24-23ರಿಂದ ಗೆದ್ದಿತು. ಒಂದೇ ಅಂಕ!

ತಂಗಿ ಅವತ್ತು ಟಿವಿ ಮುಂದೆ ಕೂತವಳು ಏಳಲೇ ಇಲ್ಲ. ಅವ್ವ ರೊಟ್ಟಿ ಬಡಿಯಲು ಕರೆದರೂ ಓಗೊಡಲಿಲ್ಲ. ಆ ವರ್ಷವೇ ಅವಳು ಕಾಲೇಜು ತಂಡಕ್ಕೆ ಸೇರಿದ್ದು. ಮುಂದಿನ ವರ್ಷ ಮತ್ತೆ ಅಂಥ ಟೂರ್ನಿ ಬರುತ್ತದೆ ಅಂತ ಕಾದಳು. ಪ್ರೊ ಕಬಡ್ಡಿಯ ಜೊತೆ ಅದು ಮತ್ತೆ ಬರಲಿಲ್ಲ. "ಮ್ಯಾಚ್ ಛಲೋನೇ ಇತ್ತಲ್ಲಣ್ಣಾ, ಒಂದ್ ಪಾಯಿಂಟಿನ್ಯಾಗ ಮುಗೀತು. ಮತ್ಯಾಕ ಬಂದ್ ಮಾಡಿದ್ರು?" ಅಂತ ಕೇಳಿದ್ದಳು. "ನೋಡೋರು ಬೇಕಲ್ಲ" ಅಂದಿದ್ದೆ ನಾನು, ಎಲ್ಲ ಬಲ್ಲವನ ಹಾಗೆ.

2018ರ ಮಾರ್ಚ್. ಯುಗಾದಿಗೆ ರಜೆ ಹಾಕಿ ಊರಿಗೆ ಬಂದಿದ್ದೆ. ವಿಜಯಪುರದ ಒಂದು ಮೈದಾನದಲ್ಲಿ ಕಾಲೇಜುಗಳ ಕಬಡ್ಡಿ ಟೂರ್ನಿ. ತಂಗಿಯ ತಂಡ ಫೈನಲ್‌ಗೆ ಬಂದಿತ್ತು. ಫೈನಲ್ ಮಧ್ಯಾಹ್ನ ಒಂದಕ್ಕೆ.

"ಅಣ್ಣಾ, ಬರ್ತಿ ಏನು?" ಅಂತ ಬೆಳಿಗ್ಗೆ ಕೇಳಿದ್ದಳು. ನೋಡೋಣ ಅಂದೆ. ವಿಜಯಪುರದ ಮಾರ್ಚ್ ಬಿಸಿಲು ಗೊತ್ತಿದ್ದವರಿಗೆ ನಾನು ಯಾಕೆ ಹೋಗಲಿಲ್ಲ ಅಂತ ಬಿಡಿಸಿ ಹೇಳಬೇಕಿಲ್ಲ. ಊಟ ಮಾಡಿ ಫ್ಯಾನ್ ಕೆಳಗೆ ಮಲಗಿದೆ. ಸಂಜೆ ಅವಳು ಮೊಣಕಾಲಿಗೆ ಅರಿಶಿನ ಹಚ್ಚಿಕೊಂಡು, ಕೈಯಲ್ಲಿ ಸಣ್ಣ ಕಪ್ ಹಿಡಿದುಕೊಂಡು ಬಂದಳು. ಗೆದ್ದಿದ್ದರು. ಯಾರು ಯಾರು ಬಂದಿದ್ದರು ನೋಡಲು ಅಂತ ಅವ್ವ ಕೇಳಿದರೆ, "ರೆಫರಿ, ಎರಡೂ ಕಾಲೇಜಿನ ಸರ್ರು, ನೀರು ಕೊಡೋ ಹುಡುಗ" ಅಂತ ಬೆರಳೆಣಿಸಿ ನಕ್ಕಳು.

ಅದೇ ರಾತ್ರಿ ಪಕ್ಕದ ಊರಲ್ಲಿ ಹೊನಲು ಬೆಳಕಿನ ಕಬಡ್ಡಿ. ಗೆಳೆಯರ ಜೊತೆ ಬೈಕಿನಲ್ಲಿ ಹೋಗಿ ರಾತ್ರಿ ಎರಡರವರೆಗೆ ನೋಡಿ ಬಂದೆ. ಎರಡು ಸಾವಿರ ಜನ ಇದ್ದಿರಬಹುದು, ಟ್ರ್ಯಾಕ್ಟರ್ ಟ್ರೇಲರ್ ಮೇಲೆ, ಗೋಡೆ ಮೇಲೆ, ಬೇವಿನ ಗಿಡದ ಮೇಲೆ. ಅಷ್ಟು ಜನರಲ್ಲಿ ಒಬ್ಬ ಹೆಣ್ಣುಮಗಳನ್ನೂ ನೋಡಿದ ನೆನಪು ನನಗಿಲ್ಲ.

ತಂಗಿ ಅದರ ಬಗ್ಗೆ ಯಾವತ್ತೂ ಏನೂ ಅನ್ನಲಿಲ್ಲ. ನಾನೂ ಮರೆತೆ.

ಮರೆತದ್ದನ್ನು ನೆನಪಿಸಿದ್ದು ಆಫೀಸಿನ ಒಂದು ಮಾತು. ನಮ್ಮ ಟೀಮಿನಲ್ಲಿ ಅಮೆರಿಕದ ಓಹಿಯೋದಲ್ಲಿರುವ ಸಹೋದ್ಯೋಗಿ ಒಬ್ಬರಿದ್ದಾರೆ. ಮಾರ್ಚ್ ಬಂತೆಂದರೆ ಅವರಿಗೆ ಕಾಲೇಜು ಬ್ಯಾಸ್ಕೆಟ್‌ಬಾಲ್ ಹುಚ್ಚು. 68 ಕಾಲೇಜು ತಂಡಗಳ ನಾಕೌಟ್ ಟೂರ್ನಿ. ಯಾರು ಯಾರನ್ನು ಸೋಲಿಸುತ್ತಾರೆ ಅಂತ ಆಫೀಸಿಗೆ ಆಫೀಸೇ ಚಾರ್ಟ್ ತುಂಬಿ ಪಂಥ ಕಟ್ಟುತ್ತದೆ. ನಮಗೆ ಐಪಿಎಲ್ ಇದ್ದ ಹಾಗೆ. ನಮ್ಮಲ್ಲಿ ಕಾಲೇಜು ಟೂರ್ನಿಯ ಫಲಿತಾಂಶ ಮರುದಿನದ ಪೇಪರಿನಲ್ಲಿ ಮೂರು ಸಾಲು ಬಂದರೆ ದೊಡ್ಡದು. ಅಲ್ಲಿ ಅದು ನ್ಯಾಷನಲ್ ಟಿವಿಯಲ್ಲಿ ಮೂರು ವಾರ ಬರುತ್ತದೆ.

ಅಲ್ಲೂ ಜಗಳವೇನೂ ಕಡಿಮೆ ಇಲ್ಲ ಅಂತ ಅವರು ಹೇಳಿದರು. ಗಂಡಸರ ಫೈನಲ್ ಸೋಮವಾರ ರಾತ್ರಿ ಒಂಬತ್ತರ ಆಸುಪಾಸಿನಲ್ಲಿ ಶುರುವಾಗುತ್ತದೆ. ಮಂಗಳವಾರ ಶಾಲೆ ಇರುವ ಮಕ್ಕಳು ಕೊನೆಯತನಕ ನೋಡುವ ಹಾಗಿಲ್ಲ. ಹೆಂಗಸರ ಟೂರ್ನಿಯ ಕತೆ ಇನ್ನೂ ಬೇರೆ. 2021ರಲ್ಲಿ ಗಂಡಸರ ತಂಡಗಳಿಗೆ ದೊಡ್ಡ ಜಿಮ್ ಕೊಟ್ಟು ಹೆಂಗಸರಿಗೆ ಡಂಬೆಲ್ಸಿನ ಒಂದು ಸಣ್ಣ ಸ್ಟ್ಯಾಂಡ್ ಇಟ್ಟಿದ್ದರು. ಸೆಡೋನಾ ಪ್ರಿನ್ಸ್ ಅನ್ನುವ ಆಟಗಾರ್ತಿ ಅದನ್ನು ಫೋನಿನಲ್ಲಿ ವಿಡಿಯೊ ಮಾಡಿ ಹಾಕಿದಳು, ದೇಶವೆಲ್ಲ ಗದ್ದಲವಾಯಿತು. 'ಮಾರ್ಚ್ ಮ್ಯಾಡ್‌ನೆಸ್' ಅನ್ನುವ ಹೆಸರನ್ನು ಹೆಂಗಸರ ಟೂರ್ನಿಗೆ ಬಳಸಲು ಬಿಟ್ಟದ್ದೇ 2022ರಿಂದ. 2023ರಲ್ಲಿ ಅವರ ಫೈನಲ್ ಎಲ್ಲರ ಮನೆಯಲ್ಲೂ ಬರುವ ಎಬಿಸಿ ಚಾನೆಲ್‌ಗೆ ಮೊದಲ ಸಲ ಬಂತು, ಭಾನುವಾರ ಮಧ್ಯಾಹ್ನ ಮೂರಕ್ಕೆ, ಅಲ್ಲಿ ಮನೆಮಂದಿಯೆಲ್ಲ ಬಿಡುವಾಗಿರುವ ಹೊತ್ತಿಗೆ. 2024ರ ಏಪ್ರಿಲ್ 7ರ ಫೈನಲ್‌ನಲ್ಲಿ ಸೌತ್ ಕೆರೊಲಿನಾ ತಂಡ ಐಯೋವಾವನ್ನು 87-75ರಿಂದ ಸೋಲಿಸಿತು. ನೋಡಿದವರು 1.8 ಕೋಟಿಗೂ ಹೆಚ್ಚು. ಮರುದಿನ ರಾತ್ರಿಯ ಗಂಡಸರ ಫೈನಲ್ ನೋಡಿದವರು 1.5 ಕೋಟಿಯ ಆಸುಪಾಸು.

ಕೇಟ್ಲಿನ್ ಕ್ಲಾರ್ಕ್ ಅನ್ನುವ ಆಟಗಾರ್ತಿಯ ಹವಾ ಇತ್ತು ಆ ವರ್ಷ, ಅದೂ ನಿಜ. ಆದರೂ ಅವರು ಒಂದು ಮಾತು ಹೇಳಿದರು: ನೋಡುವವರಿಲ್ಲ ಅಂತ ಇಷ್ಟು ವರ್ಷ ಹೇಳುತ್ತಿದ್ದೆವು, ನೋಡಲು ಆಗುವಂಥ ಟೈಮಿನಲ್ಲಿ, ಸಿಗುವಂಥ ಚಾನೆಲ್‌ನಲ್ಲಿ ಇಟ್ಟೇ ಇರಲಿಲ್ಲ.

'ನೋಡೋರು ಬೇಕಲ್ಲ' ಅಂತ ನಾನು ತಂಗಿಗೆ ಹೇಳಿದ್ದು ಆಗ ಥಟ್ಟನೆ ನೆನಪಾಯಿತು.

ಈಗ ಟೈಮ್‌ಟೇಬಲ್‌ಗೆ ಬರೋಣ. ನಾಕೌಟ್‌ನ ಲೆಕ್ಕ ಸುಲಭ. ಒಂದು ಮ್ಯಾಚಿಗೆ ಒಂದು ತಂಡ ಮನೆಗೆ ಹೋಗುತ್ತದೆ. ಹಾಗಾಗಿ 8 ತಂಡಕ್ಕೆ 7 ಮ್ಯಾಚು, 12 ತಂಡಕ್ಕೆ 11 ಮ್ಯಾಚು, ಒಟ್ಟು 18. ಹುಡುಗಿಯರ ಆಟ ಹದಿನೈದು ಹದಿನೈದು ನಿಮಿಷದ ಎರಡು ಅವಧಿ, ನಡುವೆ ಐದು ನಿಮಿಷ ಬಿಡುವು. ಹುಡುಗರದು ಇಪ್ಪತ್ತು ಇಪ್ಪತ್ತು. ತಂಡ ಬದಲಾಗಲು ಹತ್ತು ನಿಮಿಷ ಸೇರಿಸಿದರೆ ಹುಡುಗಿಯರ ಮ್ಯಾಚಿಗೆ 45 ನಿಮಿಷ, ಹುಡುಗರದಕ್ಕೆ 55.

ಕಂಪ್ಯೂಟರಿಗೆ ಇದನ್ನೆಲ್ಲ ಕೊಟ್ಟೆ. ಒಂದು ಅಂಕಣದಲ್ಲಿ ಬೆಳಿಗ್ಗೆ ಎಂಟೂವರೆಯಿಂದ ಹುಡುಗಿಯರ ಮ್ಯಾಚು ಸಾಲಾಗಿ. ನಾಲ್ಕು ಕ್ವಾರ್ಟರ್ ಫೈನಲ್, ಎರಡು ಸೆಮಿಫೈನಲ್. ಅವು ಮುಗಿದರೆ ಅಂಕಣ ಪೂರ್ತಿ ಹುಡುಗರಿಗೆ. ಹೊತ್ತು ಒಂದಿಷ್ಟೂ ಹಾಳಾಗುವುದಿಲ್ಲ. ನನ್ನ ಕೆಲಸದ ಮೇಲೆ ನನಗೇ ಹೆಮ್ಮೆ ಎನಿಸಿ ತಂಗಿಗೆ ಕಳಿಸಿದೆ.

ಎರಡು ನಿಮಿಷಕ್ಕೆ ಉತ್ತರ ಬಂತು. "ಛಲೋ ಐತಿ ಅಣ್ಣಾ. ಹುಡುಗ್ಯಾರ ಫೈನಲ್ ಮಧ್ಯಾಹ್ನ ಒಂದಕ್ಕ ಬಂದೈತಿ ನೋಡು."

ಜೊತೆಗೆ ನಗುವ ಮುಖದ ಒಂದು ಚಿತ್ರ. ಅಷ್ಟೇ.

ನಾನು ಬಹಳ ಹೊತ್ತು ಆ ಮೆಸೇಜ್ ನೋಡುತ್ತ ಕೂತೆ. 2018ರಲ್ಲಿ ಆ ಟೂರ್ನಿಯ ಪಟ್ಟಿ ಮಾಡಿದವರು ಯಾರೋ, ಅವರೂ ಕೆಟ್ಟವರೇನಲ್ಲ. ಹುಡುಗಿಯರು ಬೇಗ ಮುಗಿಸಿ ಬೇಗ ಮನೆ ಸೇರಲಿ ಅಂತಲೇ ಹಾಗೆ ಮಾಡಿದ್ದಾರು. ನಾನೂ ಹಾಗೇ ಮಾಡಿದ್ದೆ.

ಫೋನ್ ಮಾಡಿದೆ. "ಸಂಜೀಗೆ ಇಡೋಣೇನು?"

"ಇಡಬೇಕಂದ್ರ ಬಸ್ಸಿನ ಲೆಕ್ಕಾನೂ ಹಾಕಬೇಕು ನೀ. ಆರೂಕಾಲಕ್ಕ ಕಡೇ ಬಸ್. ಅದು ತಪ್ಪಿದ್ರ ಮುಂದಿನ ವರ್ಷ ಯಾರವ್ವನೂ ಮಗಳನ್ನ ಕಳ್ಸೂದಿಲ್ಲ."

ಎರಡನೇ ರಾತ್ರಿ ಆ ಬಸ್ಸಿನ ಹಿಂದೆ ಹೋಯಿತು. ಹುಡುಗಿಯರ ಫೈನಲ್ ಅನ್ನು ಹುಡುಗರ ಫೈನಲ್ ಆದ ಮೇಲೆ ಇಟ್ಟರೆ ಕತ್ತಲಾಗುತ್ತದೆ, ಬಸ್ಸೂ ಇಲ್ಲ, ಜನರೂ ಎದ್ದು ಹೋಗಿರುತ್ತಾರೆ. ಮಧ್ಯಾಹ್ನ ಇಟ್ಟರೆ ಜನ ಬಂದೇ ಇರುವುದಿಲ್ಲ. ಹಾಗಾದರೆ ಹುಡುಗರ ಫೈನಲ್‌ಗೆ ಸ್ವಲ್ಪ ಮುಂಚೆ. ಜನ ಜಾಗ ಹಿಡಿಯಲು ಬಂದು ಕೂತಿರುವ ಹೊತ್ತು ಅದು. ಅದಕ್ಕೆ ಎರಡೂ ಅಂಕಣದಲ್ಲಿ ಹುಡುಗರದು, ಹುಡುಗಿಯರದು ಬೆರೆಸಿ ಮ್ಯಾಚು ಹಾಕಬೇಕಾಯಿತು. ಒಂದು ಆಡಿದ ತಂಡಕ್ಕೆ ಒಂದು ಗಂಟೆಯಾದರೂ ವಿಶ್ರಾಂತಿ ಸಿಗಬೇಕು. ಹಾಗೆ ಮಾಡಿದರೆ ಹೊತ್ತು ಸಾಲದು. ಎಲ್ಲಿಂದಲಾದರೂ ಕತ್ತರಿಸಬೇಕು.

ಮೂರನೇ ರಾತ್ರಿ ಕತ್ತರಿಸಿದ್ದು ಹುಡುಗರ ಮೊದಲ ಸುತ್ತಿನ ನಾಲ್ಕು ಮ್ಯಾಚುಗಳಿಂದ, ಇಪ್ಪತ್ತು ನಿಮಿಷದ ಅವಧಿಯನ್ನು ಹತ್ತಕ್ಕೆ ಇಳಿಸಿ. ಅಲ್ಲಿಗೆ 80 ನಿಮಿಷ ಉಳಿಯಿತು. ಹುಡುಗಿಯರ ಫೈನಲ್ ನಾಲ್ಕಕ್ಕೆ, ಹುಡುಗರದು ನಾಲ್ಕೂಮುಕ್ಕಾಲಿಗೆ, ಐದೂವರೆಗೆ ಬಹುಮಾನ, ಆರೂಕಾಲಿಗೆ ಬಸ್.

ಊರಿನ ಹುಡುಗರು ಸುಮ್ಮನೆ ಒಪ್ಪಲಿಲ್ಲ. ಮೊದಲ ಸುತ್ತು ಯಾಕೆ ಚಿಕ್ಕದು ಅಂತ ಒಬ್ಬ, ಎಂಎಲ್‌ಎ ಕಡೆಯವರು ಬರೋ ಹೊತ್ತಿಗೆ ಹುಡುಗರ ಫೈನಲ್ ನಡೀತಿರಬೇಕು ಅಂತ ಇನ್ನೊಬ್ಬ. ತಂಗಿ ಒಂದೇ ಮಾತು ಹೇಳಿದಳಂತೆ, "ನಾಕಕ್ಕ ಜನ ಕುಂತಿರ್ತಾರ. ಖಾಲಿ ಅಂಕಣ ತೋರಸ್ತೀರೋ, ಮ್ಯಾಚ್ ತೋರಸ್ತೀರೋ?" ಯಾರೂ ಮಾತಾಡಲಿಲ್ಲವಂತೆ.

ಆ ಭಾನುವಾರ ನಾನು ಬೆಂಗಳೂರಿನಿಂದ ಹೋದೆ. ಟಿವಿಯವರಂತೂ ಬರುವುದಿಲ್ಲ, ನನ್ನ ಫೋನನ್ನೇ ಸ್ಟ್ಯಾಂಡಿಗೆ ಹಾಕಿ ಯೂಟ್ಯೂಬ್ ಲೈವ್ ಮಾಡೋಣ ಅಂತ. ಬೆಳಿಗ್ಗೆ ಮ್ಯಾಚು ಶುರುವಾಗಿದ್ದೇ ಮುಕ್ಕಾಲು ಗಂಟೆ ತಡ, ಉದ್ಘಾಟನೆಯ ಭಾಷಣಗಳಿಂದ. ನನ್ನ ಟೈಮ್‌ಟೇಬಲ್‌ನಲ್ಲಿ ಭಾಷಣಕ್ಕೆ ಜಾಗವೇ ಇರಲಿಲ್ಲ. ಊಟದ ಬಿಡುವು ಕಡಿಮೆ ಮಾಡಿ, ಇಬ್ಬರು ರೆಫರಿಗಳು ಚಹಾ ಬಿಟ್ಟು ಹೇಗೋ ಸರಿದೂಗಿಸಿದರು. ನಾಲ್ಕೂಕಾಲಿಗೆ ಹುಡುಗಿಯರ ಫೈನಲ್‌ಗೆ ಸೀಟಿ ಬಿತ್ತು.

ಜನ ಇದ್ದರು. ಟ್ರ್ಯಾಕ್ಟರ್ ಟ್ರೇಲರ್ ಮೇಲೆ, ಶಾಲೆಯ ಗೋಡೆ ಮೇಲೆ. ಹಗಲು ಹೊತ್ತಾದ್ದರಿಂದ ಹೊಲದಿಂದ ಬಂದ ಹೆಣ್ಣುಮಕ್ಕಳೂ ಬುಟ್ಟಿ ಕೆಳಗಿಟ್ಟು ಒಂದು ಬದಿಗೆ ಕೂತಿದ್ದರು. ಅಪ್ಪ ಸಾರವಾಡದಿಂದ ಅವ್ವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದಿದ್ದ. ಆ ವಾರ ಕರೆಂಟಿನದು ರಾತ್ರಿ ಪಾಳಿ, ಸಂಜೆ ಬಿಡುವಿತ್ತು. ಅವ್ವ ಜೀವಮಾನದಲ್ಲಿ ಮೈದಾನದಲ್ಲಿ ಕೂತು ನೋಡಿದ ಮೊದಲ ಕಬಡ್ಡಿ ಅದು.

ಲೈವ್ ಎರಡು ಸಲ ಕಡಿದು ಹೋಯಿತು. ಫೋನು ಬಿಸಿಯಾಗಿ ಒದ್ದೆ ಟವೆಲ್ ಸುತ್ತಿದೆ. ಹೆಚ್ಚೆಂದರೆ 63 ಜನ ನೋಡುತ್ತಿದ್ದರು. ಎರಡನೇ ಅವಧಿಯಲ್ಲಿ ಒಂದು ಕಾಮೆಂಟ್ ಬಂತು: "ಸರ್ ಫೋನ್ ಸ್ವಲ್ಪ ಬಲಕ್ಕ ತಿರುವ್ರಿ, ನಮ್ ಮಗಳು ಕಾಣಂಗಿಲ್ಲ." ಆಮೇಲೆ ಗೊತ್ತಾಯಿತು, ಪುಣೆಯಲ್ಲಿ ಕಟ್ಟಡ ಕೆಲಸಕ್ಕೆ ಹೋದ ಒಬ್ಬ ತಂದೆ ಅವರು. ಮಗಳು ಬಲಮೂಲೆಯ ಡಿಫೆಂಡರ್. ನಾನು ಫೋನು ತಿರುಗಿಸಿದೆ. ಮುಂದಿನ ರೈಡ್‌ನಲ್ಲೇ ಆ ಹುಡುಗಿ ಎದುರಾಳಿಯ ಕಾಲು ಹಿಡಿದು ಕೆಡವಿದಳು. ಕಾಮೆಂಟಿನಲ್ಲಿ ಬರೀ ಚಪ್ಪಾಳೆ ಚಿತ್ರಗಳು, ಒಂದಾದ ಮೇಲೆ ಒಂದು.

ಬಸ್ಸು ಆರೂಕಾಲಿಗೆ ಹೊರಟಿತು, ಹುಡುಗಿಯರೆಲ್ಲ ಅದರಲ್ಲಿದ್ದರು. ಹುಡುಗರ ಬಹುಮಾನ ಮಾತ್ರ ಕತ್ತಲಲ್ಲಿ ಬೈಕುಗಳ ಹೆಡ್‌ಲೈಟ್ ಹಾಕಿ ಕೊಡಬೇಕಾಯಿತು. ಅದಕ್ಕೆ ನನ್ನನ್ನು ಇಬ್ಬರು ಮೂವರು ಬೈದರು ಕೂಡ. ಬೈಸಿಕೊಂಡೆ.

ಪ್ರೊ ಕಬಡ್ಡಿಯವರು ಮುಂದಿನ ಸೀಸನ್ ಬೆಂಗಳೂರಿಗೆ ತರಲಿ ಅಂತ ನಾನು ಈಗಲೂ ಗ್ರೂಪಿನಲ್ಲಿ ಬರೆಯುತ್ತೇನೆ. ಆದರೆ ದೊಡ್ಡವರ ಟೈಮ್‌ಟೇಬಲ್ ನನ್ನ ಕೈಯಲ್ಲಿಲ್ಲ. ಊರಿನ ಟೂರ್ನಮೆಂಟಿನ ಪಟ್ಟಿ ಮಾಡುವುದು ನನ್ನಂಥವರೇ, ನಿಮ್ಮಂಥವರೇ, ಯಾರೋ ಒಬ್ಬರು ಲ್ಯಾಪ್‌ಟಾಪ್ ಇದ್ದವರು. ಮುಂದಿನ ಸಲ ನಿಮ್ಮ ಕೈಗೆ ಅಂಥ ಕೆಲಸ ಬಂದರೆ, ಮಧ್ಯಾಹ್ನ ಒಂದರ ಜಾಗದಲ್ಲಿ ಯಾರ ಫೈನಲ್ ಇದೆ ಅಂತ ಒಮ್ಮೆ ನೋಡಿ.

ರಾತ್ರಿ ಊಟ ಮಾಡಿ ಅಪ್ಪ ಬ್ಯಾಟರಿ ತೆಗೆದುಕೊಂಡು ಹೊಲಕ್ಕೆ ಹೊರಟ. ಬಾಗಿಲಲ್ಲಿ ನಿಂತು ತಂಗಿಯನ್ನು ಕೇಳಿದ, "ನಿಂದು ಕಾಲೇಜಿನ್ಯಾಗ ಫೈನಲ್ ಆಡಿದ್ದಿ ನೋಡವ್ವಾ, ಅದರ ವಿಡಿಯೊ ಐತೇನು?"

"ಇಲ್ಲಪ್ಪಾ, ಯಾರೂ ಮಾಡಿಲ್ಲ" ಅಂದಳು ಅವಳು, ಪಾತ್ರೆ ಒರೆಸುತ್ತ. ನಾನು ತಲೆ ಎತ್ತಲಿಲ್ಲ.